ಒಬ್ಬ ಮೇಜರ್, ಮೂರು ಹೆಸರು: ಓದುಗರಿಗೆ ಇದು ಮೋಸವೇ?

ಜಾನ್ ರೋಡ್, ಮೈಲ್ಸ್ ಬರ್ಟನ್, ಸೆಸಿಲ್ ವೇ. ಈ ಮೂವರೂ ಒಬ್ಬನೇ: ಬ್ರಿಟಿಷ್ ಫಿರಂಗಿ ದಳದಲ್ಲಿದ್ದ ಮೇಜರ್ ಸೆಸಿಲ್ ಸ್ಟ್ರೀಟ್. 1884ರಲ್ಲಿ ಜಿಬ್ರಾಲ್ಟರ್‌ನಲ್ಲಿ ಹುಟ್ಟಿದ ಈತ 1924ರಿಂದ ಶುರು ಮಾಡಿ 140ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದ. ಹೀಗೆ ಹೆಸರು ಬದಲಿಸುತ್ತಾ ಬರೆದದ್ದು ಸರಿಯೇ?

ಪರ

ವರ್ಷಕ್ಕೆ ನಾಲ್ಕು ಕಾದಂಬರಿ ಬರೆಯುವವನ ಮೇಲೆ ಯಾರಿಗೂ ನಂಬಿಕೆ ಬರುವುದಿಲ್ಲ. ಇಷ್ಟೊಂದು ಬರೆದರೆ ಅದರಲ್ಲಿ ಏನಿರುತ್ತೆ ಅಂತ ಓದುವ ಮೊದಲೇ ತೀರ್ಮಾನ ಆಗಿಬಿಡುತ್ತದೆ. ಎರಡು ಹೆಸರಿಗೆ ಹಂಚಿದರೆ ಪ್ರತಿ ಪುಸ್ತಕಕ್ಕೂ ಉಸಿರಾಡಲು ಜಾಗ ಸಿಗುತ್ತದೆ.

ಅಷ್ಟಕ್ಕೂ ಹೆಸರುಗಳು ಸುಮ್ನೆ ಇಟ್ಟವಲ್ಲ. ರೋಡ್ ಅಂದರೆ ಆ ಹೆಸರಿನ ಕಾದಂಬರಿಗಳ ಪತ್ತೇದಾರ ಡಾ. ಪ್ರೀಸ್ಟ್ಲಿ. ಆತ ನಿವೃತ್ತ ಗಣಿತ ಪ್ರೊಫೆಸರ್, ಒರಟು ಮುದುಕ. ಅವನಿಗೆ ಬೇಕಾದದ್ದು ಒಗಟಿನ ಉತ್ತರ ಮಾತ್ರ. ಕೊಲೆಗಾರನಿಗೆ ಶಿಕ್ಷೆ ಆಯಿತೋ ಬಿಟ್ಟಿತೋ, ಅದು ಪೊಲೀಸರ ತಲೆನೋವು. ಬರ್ಟನ್ ಅಂದರೆ ಇನ್ನೊಬ್ಬ ಪತ್ತೇದಾರ ಡೆಸ್ಮಂಡ್ ಮೆರಿಯನ್, ನೌಕಾದಳದ ಗುಪ್ತಚರ ವಿಭಾಗದಲ್ಲಿ ಕೆಲಸ ಮಾಡಿದವನು. ಅವನ ಜೊತೆ ಹಳ್ಳಿಗಾಡು, ಓಡಾಟ, ಸ್ವಲ್ಪ ಸಾಹಸ. 1930ರ ‘ದಿ ಸೀಕ್ರೆಟ್ ಆಫ್ ಹೈ ಎಲ್ಡರ್‌ಶಮ್’ನಲ್ಲಂತೂ ಮಾಟಮಂತ್ರದ ವಾಸನೆಯೂ ಇದೆ. ಪ್ರೀಸ್ಟ್ಲಿಯನ್ನು ಆ ಹಳ್ಳಿಯಲ್ಲಿ ಊಹಿಸಿಕೊಳ್ಳಿ! ರಕ್ಷಾಪುಟದ ಹೆಸರು ನೋಡಿದ ಕೂಡಲೇ ಒಳಗೆ ಯಾರಿದ್ದಾರೆ ಅಂತ ಓದುಗನಿಗೆ ಗೊತ್ತಾಗುತ್ತಿತ್ತು.

ಕೆಲಸದಲ್ಲೂ ಕಳ್ಳತನ ಇರಲಿಲ್ಲ. ಯಂತ್ರ, ವಿಷ, ಗುಪ್ತಲಿಪಿ ಇವೆಲ್ಲ ಈತನಿಗೆ ನೀರು ಕುಡಿದಷ್ಟು ಸುಲಭ. ಪತ್ತೇದಾರಿ ಕಾದಂಬರಿಗಾರ್ತಿ ಡೊರೊಥಿ ಸೇಯರ್ಸ್ 1932ರಲ್ಲಿ ‘ಹ್ಯಾವ್ ಹಿಸ್ ಕಾರ್ಕೇಸ್’ ಬರೆದಾಗ, ಕಷ್ಟದ ಭಾಗಗಳಲ್ಲಿ ನೆರವಾದ ಜಾನ್ ರೋಡ್‌ಗೆ ಪುಸ್ತಕದಲ್ಲೇ ವಂದನೆ ಹೇಳಿದಳು. ಇನ್ನು ಹೆಸರು ಮರೆಸುವುದು ಈತನಿಗೆ ಹಳೇ ಅಭ್ಯಾಸ. ಮೊದಲ ಮಹಾಯುದ್ಧದ ಅನುಭವಗಳನ್ನು ಹೆಸರಿನ ಜಾಗದಲ್ಲಿ ‘ಎಫ್.ಒ.ಒ.’ (ಫಾರ್ವರ್ಡ್ ಅಬ್ಸರ್ವೇಶನ್ ಆಫೀಸರ್) ಅಂತ ಬರೀ ಅಕ್ಷರಗಳನ್ನು ಹಾಕಿ ಪ್ರಕಟಿಸಿದ್ದ. ಅದನ್ನು ಯಾರಾದರೂ ಮೋಸ ಅಂದರೇ?

ವಿರೋಧ

ಸೈನಿಕ ಹೆಸರು ಮುಚ್ಚಿಡುವುದಕ್ಕೂ ಪುಸ್ತಕ ಮಾರುವವನು ಮುಚ್ಚಿಡುವುದಕ್ಕೂ ವ್ಯತ್ಯಾಸ ಇಲ್ವಾ? ತನ್ನದೇ ಹೆಸರಲ್ಲಿ ಬರೆಯಲು ಈತನಿಗೇನೂ ಅಡ್ಡಿ ಇರಲಿಲ್ಲ. ಹಂಗೇರಿಯ ರಾಜಕೀಯದ ಬಗ್ಗೆ, ಭಾರತದ ವೈಸ್‌ರಾಯ್ ಆಗಿದ್ದ ಲಾರ್ಡ್ ರೀಡಿಂಗ್ ಬಗ್ಗೆ ಬರೆದಾಗ ಪುಸ್ತಕದ ಮೇಲೆ ಸ್ಟ್ರೀಟ್ ಅಂತಲೇ ಇತ್ತು. ಕಾದಂಬರಿಗೆ ಮಾತ್ರ ಮುಖವಾಡ ಬೇಕಾಯಿತು.

ಇನ್ನೊಂದು ಹೆಸರು ಬೇಕಿದ್ದರೆ ಇನ್ನೊಂದು ಬಗೆಯ ಬರಹ ಇರಬೇಕು. ಅಗಾಥಾ ಕ್ರಿಸ್ಟಿ ಅದೇ 1930ರಲ್ಲಿ ಮೇರಿ ವೆಸ್ಟ್‌ಮಕಾಟ್ ಆದಳು. ಆದರೆ ಆ ಹೆಸರಿನ ಪುಸ್ತಕಗಳಲ್ಲಿ ಪತ್ತೇದಾರಿಕೆಯೇ ಇಲ್ಲ. ಅದು ನ್ಯಾಯ. ಸ್ಟ್ರೀಟ್‌ನದು ಏನು? ರೋಡ್ 1928ರ ‘ದಿ ಮರ್ಡರ್ಸ್ ಇನ್ ಪ್ರೇಡ್ ಸ್ಟ್ರೀಟ್’ನಲ್ಲಿ ಸಂಖ್ಯೆ ಇರುವ ಬಿಲ್ಲೆಗಳನ್ನು ಕಳಿಸಿ ಜನರನ್ನು ಸಾಯಿಸುತ್ತಾನೆ. ಬರ್ಟನ್ 1936ರ ‘ಡೆತ್ ಇನ್ ದಿ ಟನಲ್’ನಲ್ಲಿ ಸುರಂಗ ದಾಟುವ ರೈಲಿನ ಬೀಗ ಹಾಕಿದ ಡಬ್ಬಿಯಲ್ಲಿ ಹೆಣ ಇಡುತ್ತಾನೆ. ಎರಡೂ ಮಜವಾದ ಐಡಿಯಾ, ಒಪ್ಪಿದೆ. ಎರಡೂ ಒಂದೇ ತಲೆಯವು ಅನ್ನುವುದೂ ಅಷ್ಟೇ ಸ್ಪಷ್ಟ. ಇಬ್ಬರಲ್ಲೂ ಅದೇ ಉದ್ದುದ್ದ ಚರ್ಚೆ. ಇನ್ಸ್‌ಪೆಕ್ಟರ್ ಒಂದು ಊಹೆ ಕಟ್ಟುತ್ತಾನೆ, ಕೆಡವುತ್ತಾನೆ, ಮತ್ತೆ ಕಟ್ಟುತ್ತಾನೆ. ಪಾತ್ರಗಳಿಗೆ ಜೀವ ಕಡಿಮೆ. ವಿಮರ್ಶಕ ಜೂಲಿಯನ್ ಸೈಮನ್ಸ್ ಈತನನ್ನು ಸಪ್ಪೆ ಬರಹಗಾರರ ಗುಂಪಿಗೆ ಸೇರಿಸಿದ್ದು ಸ್ವಲ್ಪ ಕಟುವಾಯಿತು. ಪೂರ್ತಿ ಸುಳ್ಳೇನಲ್ಲ.

ನನಗೆ ಜಾಸ್ತಿ ಕಾಡುವುದು ಡಿಟೆಕ್ಷನ್ ಕ್ಲಬ್‌ನ ವಿಷಯ. ಸುಳಿವುಗಳನ್ನು ಓದುಗರಿಂದ ಬಚ್ಚಿಡಬಾರದು ಅಂತ ಪ್ರಮಾಣ ಮಾಡಿಸುತ್ತಿದ್ದ ಲಂಡನ್ನಿನ ಲೇಖಕರ ಕೂಟ ಅದು. ಅಲ್ಲಿ ಪ್ರಮಾಣಕ್ಕೆ ಬಳಸುತ್ತಿದ್ದ ತಲೆಬುರುಡೆಯ ಕಣ್ಣಿಗೆ ದೀಪ ಅಳವಡಿಸಿದ್ದು ಇದೇ ಜಾನ್ ರೋಡ್! ಕಥೆಯೊಳಗೆ ಅಷ್ಟು ಕಟ್ಟುನಿಟ್ಟು, ರಕ್ಷಾಪುಟದ ಮೇಲೆ ಮಾತ್ರ ಬಾಯಿ ಬಿಡಲಿಲ್ಲ. ಸೆಸಿಲ್ ವೇ ಹೆಸರಿನ ನಾಲ್ಕು ಕಾದಂಬರಿಗಳು ಇವನವೇ ಅಂತ ಬೆಳಕಿಗೆ ಬಂದದ್ದು ಈತ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ.

ಹೋಗಲಿ, ಪ್ರಕಾಶಕರಾದರೂ ಬೇರೆ ಬೇರೆಯೇ? 1930ರ ದಶಕದಲ್ಲಿ ರೋಡ್ ಮತ್ತು ಬರ್ಟನ್ ಇಬ್ಬರ ಪುಸ್ತಕವನ್ನೂ ಲಂಡನ್ನಿನಲ್ಲಿ ತಂದದ್ದು ಕಾಲಿನ್ಸ್. ರೋಡ್ ಸಾಕಪ್ಪಾ ಅಂತ ಬದಲಾವಣೆಗೆ ಬರ್ಟನ್ ಕೊಂಡವನ ದುಡ್ಡು ಹೋದದ್ದು ಅದೇ ಅಂಗಡಿಯ ಗಲ್ಲಾಪೆಟ್ಟಿಗೆಗೆ, ಅದೇ ಮೇಜರ್‌ನ ಜೇಬಿಗೆ.