ಭೇದಿ ನಿಂತಿತೇ ಎಂದು ಕೇಳುವ ಮೊದಲು

ಪುಟ್ಟ ಮಗುವಿಗೆ ಭೇದಿ ಹಿಡಿದರೆ ಸುತ್ತಲಿನವರ ಬಾಯಲ್ಲೆಲ್ಲ ಒಂದೇ ಪ್ರಶ್ನೆ: ನಿಂತಿತೇ? ಬೆಳಿಗ್ಗೆ ಫೋನ್ ಮಾಡಿದವರೂ ಅದನ್ನೇ ಕೇಳುತ್ತಾರೆ, ಸಂಜೆ ನೋಡಲು ಬಂದವರೂ ಅದನ್ನೇ ಕೇಳುತ್ತಾರೆ. ಮೂರನೆಯ ದಿನಕ್ಕೆ 'ಇನ್ನೂ ನಿಂತಿಲ್ಲವೇ? ಬೇರೆ ಡಾಕ್ಟರಿಗೆ ತೋರಿಸಿ' ಎಂಬ ಸಲಹೆ ಬಂದಿರುತ್ತದೆ. ಮೊದಲೇ ನಿದ್ದೆಗೆಟ್ಟ ತಾಯಿ ಇದನ್ನು ಎಷ್ಟು ಹೊತ್ತು ತಡೆದುಕೊಂಡಾಳು? ಈ ಒತ್ತಡದಲ್ಲಿಯೇ ಮಗುವಿನ ಊಟ ನಿಲ್ಲುತ್ತದೆ, ಹಾಲು ನಿಲ್ಲುತ್ತದೆ, ಬೇಡದ ಆಂಟಿಬಯಾಟಿಕ್ ಹೊಟ್ಟೆ ಸೇರುತ್ತದೆ. ತಂಗಿಯ ಮಗು ಕಾಯಿಲೆ ಬಿದ್ದಾಗ ಜೊತೆಗಿದ್ದು ಇದನ್ನೆಲ್ಲ ಹತ್ತಿರದಿಂದ ಕಂಡಿದ್ದೇನೆ. ಭೇದಿಯನ್ನು ಕೂಡಲೇ ನಿಲ್ಲಿಸಬೇಕೆಂಬ ಈ ಹಟವೇ ಎಷ್ಟೋ ಮಕ್ಕಳ ಚೇತರಿಕೆಯನ್ನು ತಡಮಾಡುತ್ತಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕರುಳಿನಲ್ಲಿ ಏನಾಗಿರುತ್ತದೆ ಎಂಬುದು ತಿಳಿದರೆ ಅರ್ಧ ಗಾಬರಿ ಇಳಿಯುತ್ತದೆ. ಸಣ್ಣಕರುಳಿನ ಒಳಗೋಡೆಯ ತುಂಬ ಬೆರಳಿನಾಕಾರದ ಅತಿಸಣ್ಣ ಚಾಚುಗಳಿವೆ. ಮಕ್ಕಳ ಭೇದಿಗೆ ಸಾಮಾನ್ಯ ಕಾರಣವಾದ ರೋಟಾವೈರಸ್ ದಾಳಿ ಮಾಡುವುದು ಅವುಗಳ ತುದಿಯ ಜೀವಕೋಶಗಳ ಮೇಲೆ. ಆಹಾರದ ಸಾರವನ್ನು ಹೀರಿಕೊಳ್ಳುವುದು ಆ ಜೀವಕೋಶಗಳೇ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಇರುವುದೂ ಅಲ್ಲಿಯೇ. ವೈರಸ್ಸಿನ ಅಬ್ಬರ ತಗ್ಗಿದ ಮೇಲೆ ಬುಡದಿಂದ ಹೊಸ ಜೀವಕೋಶಗಳು ಹುಟ್ಟಿ, ಮೇಲೇರಿ, ಬಲಿತು ಕೆಲಸಕ್ಕೆ ನಿಲ್ಲಬೇಕು. ಆರೋಗ್ಯವಾಗಿರುವ ಕರುಳಿನ ಒಳಪದರ ಕೆಲವೇ ದಿನಗಳಲ್ಲಿ ಹೊಸದಾಗುತ್ತದೆ. ಸೋಂಕಿನಿಂದ ಪೆಟ್ಟು ತಿಂದ ಕರುಳಿಗೆ, ಅದರಲ್ಲೂ ಪೋಷಣೆ ಸಾಲದ ಮಗುವಿನ ಕರುಳಿಗೆ, ಇನ್ನಷ್ಟು ಕಾಲ ಬೇಕಾಗುತ್ತದೆ. ಆದ್ದರಿಂದಲೇ ವಾಂತಿ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ನಿಂತರೂ ಮಲ ಗಟ್ಟಿಯಾಗಲು ಒಂದು ವಾರ, ಕೆಲವೊಮ್ಮೆ ಎರಡು ವಾರ ಹಿಡಿಯುತ್ತದೆ. ಆಲಿಕಲ್ಲಿಗೆ ತುದಿ ಮುರಿದ ಪೈರಿಗೆ ನೀರು ನಿಲ್ಲಿಸಿ, ಚಿಗುರಲಿ ಎಂದು ಯಾರೂ ಕಾಯುವುದಿಲ್ಲ. 'ಹೊಟ್ಟೆಗೆ ವಿಶ್ರಾಂತಿ ಕೊಡಿ' ಎಂದು ಮಗುವನ್ನು ಉಪವಾಸ ಕೆಡವುವವರು ಮಾಡುವುದು ಅದನ್ನೇ. ಹೊಸ ಜೀವಕೋಶಗಳು ಹುಟ್ಟಬೇಕಾದರೆ ಆಹಾರ ಬೇಕು. ತಿಂದದ್ದರಲ್ಲಿ ಒಂದಿಷ್ಟು ಭೇದಿಯಲ್ಲಿ ಹೋದರೂ ಉಳಿದದ್ದು ಮೈಗೆ ಹತ್ತುತ್ತದೆ. ಎದೆಹಾಲನ್ನಂತೂ ಯಾವ ಕಾರಣಕ್ಕೂ ನಿಲ್ಲಿಸಬಾರದು. ಇನ್ನೂ ಹೆಚ್ಚು ಸಲ ಕೊಡಬೇಕು.

ಓಆರ್‌ಎಸ್ ವಿಷಯದಲ್ಲೂ ಇದೇ ತಪ್ಪು ನಿರೀಕ್ಷೆ. 'ಎರಡು ದಿನ ಕುಡಿಸಿದೆವು, ಭೇದಿ ನಿಲ್ಲಲಿಲ್ಲ' ಎಂದು ಅದನ್ನು ಬಿಟ್ಟವರಿದ್ದಾರೆ. ಅದರ ಕೆಲಸ ಭೇದಿ ನಿಲ್ಲಿಸುವುದಲ್ಲ, ಹೋದ ನೀರನ್ನೂ ಲವಣವನ್ನೂ ತುಂಬಿಕೊಡುವುದು. ಕರುಳು ಗ್ಲೂಕೋಸ್ ಮತ್ತು ಸೋಡಿಯಂ ಅನ್ನು ಜೊತೆಜೊತೆಯಾಗಿ ಒಳಗೆ ಎಳೆದುಕೊಳ್ಳುತ್ತದೆ, ನೀರು ಅವುಗಳ ಬೆನ್ನು ಹತ್ತಿ ಹೋಗುತ್ತದೆ. ಇಷ್ಟೊಂದು ಭೇದಿಯ ನಡುವೆಯೂ ಈ ದಾರಿ ತೆರೆದೇ ಇರುತ್ತದೆ ಎಂಬುದು ನನಗೆ ಈಗಲೂ ಬೆರಗು ಹುಟ್ಟಿಸುವ ಸಂಗತಿ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಬಾಟಲಿಗಳು ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಾಲನಬಿಸ್ ಈ ದ್ರಾವಣವನ್ನು ಡ್ರಮ್ಮುಗಳಲ್ಲಿ ಕಲಸಿಟ್ಟು ಮನೆಯವರ ಕೈಯಿಂದಲೇ ಕುಡಿಸಿದರು. ಸುಮಾರು ಶೇಕಡಾ 30ರಷ್ಟಿದ್ದ ಸಾವಿನ ಪ್ರಮಾಣ, ದ್ರಾವಣ ಕುಡಿದವರಲ್ಲಿ ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಆದರೆ ಅಳತೆ ಸರಿಯಿರಬೇಕು. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟ ನೀರಿಗೆ ಕಲಸಿದರೆ ರಕ್ತದಲ್ಲಿ ಸೋಡಿಯಂ ಏರಿ ಮಗುವಿನ ಜೀವಕ್ಕೇ ಅಪಾಯ. ಹಣ್ಣಿನ ರಸವಾಗಲಿ ಸಿಹಿ ಪಾನೀಯವಾಗಲಿ ಅದರ ಬದಲಿಗೆ ಆಗುವುದಿಲ್ಲ. ಅತಿಯಾದ ಸಕ್ಕರೆ ನೀರನ್ನು ಕರುಳಿನೊಳಕ್ಕೆ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ.

ಕುಡಿಸುವುದು ತಾಳ್ಮೆಯ ಕೆಲಸ. ಮಗು ತುಟಿ ಬಿಗಿಹಿಡಿದು ಕತ್ತು ತಿರುಗಿಸುತ್ತದೆ. ಚಮಚವನ್ನು ಕೆನ್ನೆಯ ಒಳಬದಿಗೆ ತಂದು ಸ್ವಲ್ಪವೇ ಬಿಟ್ಟರೆ ನುಂಗುತ್ತದೆ. ಒಂದೆರಡು ನಿಮಿಷ ಬಿಟ್ಟು ಮತ್ತೊಂದು ಚಮಚ. ವಾಂತಿಯಾದರೆ ಹತ್ತು ನಿಮಿಷ ತಡೆದು ಇನ್ನೂ ನಿಧಾನವಾಗಿ ಆರಂಭಿಸಬೇಕು. ಮಗು ಲೋಟವನ್ನು ಕಿತ್ತುಕೊಂಡು ಗಟಗಟನೆ ಕುಡಿಯುತ್ತಿದ್ದರೆ 'ಸದ್ಯ, ಚೆನ್ನಾಗಿ ಕುಡಿಯುತ್ತಿದೆ' ಎಂದು ನೆಮ್ಮದಿಪಡಬೇಡಿ, ಆ ದಾಹವೇ ನಿರ್ಜಲೀಕರಣದ ಗುರುತಾಗಿರಬಹುದು. ಅತ್ತರೂ ಕಣ್ಣೀರಿಲ್ಲ, ಕಣ್ಣು ಗುಳಿಬಿದ್ದಿದೆ, ಗಂಟೆಗಟ್ಟಲೆ ಮೂತ್ರವಿಲ್ಲ, ಮಗು ಮಂಕಾಗಿ ಬಿದ್ದುಕೊಂಡಿದೆ, ಕುಡಿದದ್ದೆಲ್ಲ ಹೊರಗೆ ಬರುತ್ತಿದೆ, ವಾಂತಿ ಹಸಿರಾಗಿದೆ, ಮಲದಲ್ಲಿ ರಕ್ತವಿದೆ ಎಂದಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕೆಲವೇ ತಿಂಗಳ ಹಸುಗೂಸಾದರೆ ಇವಕ್ಕೆಲ್ಲ ಕಾಯುವುದೂ ಬೇಡ.

ಆಂಟಿಬಯಾಟಿಕ್ ಬರೆದುಕೊಡಿ ಎಂದು ವೈದ್ಯರನ್ನು ಒತ್ತಾಯಿಸುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ರಕ್ತಭೇದಿ, ಕಾಲರಾದಂಥ ಸಂದರ್ಭಗಳಲ್ಲಿ ಅದು ಬೇಕು. ವೈರಸ್ಸಿನ ಭೇದಿಗೆ ಅದರಿಂದ ಏನೂ ಉಪಯೋಗವಿಲ್ಲ; ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಂದು ಅದೇ ಹೊಸದಾಗಿ ಭೇದಿ ತರಿಸಬಲ್ಲದು. ದೊಡ್ಡವರು ನುಂಗುವ, ಭೇದಿ ಕಟ್ಟುವ ಲೋಪೆರಮೈಡ್ ಮಾತ್ರೆಯಂತೂ ಪುಟ್ಟ ಮಕ್ಕಳಿಗೆ ಅಪಾಯಕಾರಿ. ಅದು ಕರುಳಿನ ಚಲನೆಯನ್ನು ತಗ್ಗಿಸುತ್ತದೆ, ರೋಗವನ್ನು ವಾಸಿ ಮಾಡುವುದಿಲ್ಲ.

ಹಾಗೆಂದು ಎಷ್ಟು ದಿನವಾದರೂ ಕಾಯುತ್ತ ಕುಳಿತುಕೊಳ್ಳಿ ಎನ್ನುತ್ತಿಲ್ಲ. 14 ದಿನ ತುಂಬಿದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ದೀರ್ಘಕಾಲದ ಅತಿಸಾರ ಎಂದು ಬೇರೆಯಾಗಿಯೇ ಪರಿಗಣಿಸುತ್ತದೆ. ಆಗ ಕಾರಣ ಹುಡುಕಬೇಕು. ಜಿಡ್ಡುಜಿಡ್ಡಾದ, ವಿಪರೀತ ನಾತದ ಮಲ, ಹೊಟ್ಟೆಯುಬ್ಬರ ಇದ್ದರೆ ಜಿಯಾರ್ಡಿಯಾ ಎಂಬ ಕರುಳಿನ ಪರಾವಲಂಬಿ ಜೀವಿ ಇರಬಹುದು. ಮಲಪರೀಕ್ಷೆಯಲ್ಲಿ ಕಂಡರೆ ಅದಕ್ಕೆ ಔಷಧವಿದೆ. ಕುಡಿಯುವುದೆಲ್ಲ ಹಾಲೇ ಆಗಿದ್ದು, ಕುಡಿದ ಮೇಲೆ ಹೊಟ್ಟೆಯುಬ್ಬಿ ನೊರೆನೊರೆಯಾಗಿ, ಕೂತ ಜಾಗ ಕೆಂಪಾಗುವಷ್ಟು ಹುಳಿಯಾಗಿ ಮಲ ಹೋಗುತ್ತಿದ್ದರೆ ಲ್ಯಾಕ್ಟೇಸ್ ಇನ್ನೂ ಮರಳಿಲ್ಲವೆಂದು ಊಹಿಸಬಹುದು. ಎದೆಹಾಲಲ್ಲದ ಹಾಲನ್ನು ವೈದ್ಯರ ಸಲಹೆಯಂತೆ ಕೆಲವು ವಾರ ಕಡಿಮೆ ಮಾಡಿದರೆ ಸಾಕಾಗುತ್ತದೆ. ಅಷ್ಟಕ್ಕೇ ಮಗುವಿಗೆ ಜೀವನಪೂರ್ತಿ 'ಹಾಲು ಆಗುವುದಿಲ್ಲ' ಎಂಬ ಹಣೆಪಟ್ಟಿ ಹಚ್ಚಬೇಡಿ. ಇನ್ನು ಕೆಲವು ಮಕ್ಕಳು ತಿಂಗಳುಗಟ್ಟಲೆ ಮಲ ತೆಳ್ಳಗೆ ಹೋಗುತ್ತಿದ್ದರೂ ಚೆನ್ನಾಗಿ ಆಡುತ್ತ, ತೂಕ ಏರಿಸಿಕೊಳ್ಳುತ್ತ ಇರುತ್ತಾರೆ. ಅಂಥವರಲ್ಲಿ ಎಷ್ಟೋ ಸಲ ಹಣ್ಣಿನ ರಸ ಕಡಿಮೆ ಮಾಡಿದರೆ ಎಲ್ಲವೂ ಸರಿಹೋಗುತ್ತದೆ. ಹಾಗಾಗಿಯೇ ಎಷ್ಟು ಸಲ ಹೋಯಿತು ಎಂದು ಬರೆದಿಡುವ ಪುಸ್ತಕದಲ್ಲಿ ತೂಕವನ್ನೂ ಬರೆಯಿರಿ ಎನ್ನುತ್ತೇನೆ. ತೂಕ ಇಳಿಯುತ್ತಿದ್ದರೆ 14 ದಿನ ತುಂಬುವುದನ್ನೂ ಕಾಯಬೇಡಿ.

ಇನ್ನು ಸತುವಿನ (ಝಿಂಕ್) ಔಷಧ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕದಕ್ಕೆ 10 ಮಿಲಿಗ್ರಾಂ, 10ರಿಂದ 14 ದಿನ ಕೊಡಬೇಕೆಂಬುದು 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಹೇಳಿದ ಮಾತು. ನಾಲ್ಕನೆಯ ದಿನ ಮಲ ಗಟ್ಟಿಯಾಯಿತೆಂದು ಬಾಟಲಿಯನ್ನು ಮೂಲೆಗಿಡುವವರೇ ಹೆಚ್ಚು. ಮುಂದಿನ ತಿಂಗಳುಗಳಲ್ಲಿ ಭೇದಿ ಮರುಕಳಿಸುವುದು ಕಡಿಮೆಯಾಗಲಿ ಎಂದೂ ಅದನ್ನು ಕೊಡುವುದು. ಹೇಳಿದಷ್ಟು ದಿನ ಪೂರ್ತಿ ಕೊಡಿ. ಭೇದಿ ನಿಂತ ಮೇಲೂ ಎರಡು ವಾರ ದಿನಕ್ಕೊಂದು ಹೊತ್ತಿನ ಊಟ ಹೆಚ್ಚಿಗೆ ಕೊಡಬೇಕು. ವೈದ್ಯರು ಚೀಟಿಯಲ್ಲಿ ಔಷಧಗಳ ಹೆಸರಿನ ಜೊತೆಗೆ ಇದನ್ನೂ ಬರೆದುಕೊಡಲಿ ಎಂಬುದು ನನ್ನ ಕೋರಿಕೆ. ಬರೆಯದಿದ್ದರೆ ನೀವೇ ಕೇಳಿ ಬರೆಸಿಕೊಳ್ಳಿ.