ಒಹ್ತಾನಿ 50-50 ಮಾಡಿದ ವರ್ಷ ಬೌಲಿಂಗೇ ಮಾಡಿರಲಿಲ್ಲ

"ಶೋಹೆಯ್ ಒಹ್ತಾನಿ 2024ರಲ್ಲಿ ಪಿಚಿಂಗೂ ಮಾಡಿ 50 ಹೋಮ್ ರನ್, 50 ಬೇಸ್ ಕದ್ದ" ಅಂತ ಒಂದು ಮೆಸೇಜ್ ಓಡಾಡ್ತಿದೆ. ಒಹ್ತಾನಿ ಅಮೆರಿಕದಲ್ಲಿ ಆಡೋ ಜಪಾನಿನ ಬೇಸ್‌ಬಾಲ್ ಆಟಗಾರ. ಪಿಚಿಂಗ್ ಅಂದ್ರೆ ಬ್ಯಾಟರ್‌ಗೆ ಚೆಂಡೆಸೆಯೋದು, ಹೋಮ್ ರನ್ ಅಂದ್ರೆ ನಮ್ಮ ಸಿಕ್ಸರ್ ಥರದ್ದು, ಬೇಸ್ ಕದಿಯೋದು ಅಂದ್ರೆ ಬ್ಯಾಟರ್ ಹೊಡೆಯೋ ಮುಂಚೆಯೇ ಓಡಿ ಮುಂದಿನ ಬೇಸ್ ಸೇರೋದು. ಆ ಮೆಸೇಜ್ ಅರ್ಧ ನಿಜ, ಅರ್ಧ ಸುಳ್ಳು.

ಆ ವರ್ಷ ಅವರು ಒಂದೇ ಒಂದು ಎಸೆತವನ್ನೂ ಪಂದ್ಯದಲ್ಲಿ ಹಾಕಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಮೊಣಕೈ ಆಪರೇಷನ್ ಆಗಿತ್ತು, ಹಾಗಾಗಿ ಡಾಜರ್ಸ್ ತಂಡಕ್ಕೆ ಬರೀ ಬ್ಯಾಟ್ ಬೀಸೋ ಕೆಲಸ. ಮತ್ತೆ ಪಿಚಿಂಗ್‌ಗೆ ಬಂದಿದ್ದು 2025ರ ಜೂನ್‌ನಲ್ಲಿ.

50-50 ಮಾತ್ರ ಪಕ್ಕಾ. 2024ರ ಸೆಪ್ಟೆಂಬರ್ 19, ಮಯಾಮಿ. ಬೆಳಗ್ಗೆ 48 ಹೋಮ್ ರನ್, 49 ಕಳವು ಇದ್ದವರು, ಆರಕ್ಕೆ ಆರು ಸಲ ಹಿಟ್ ಹೊಡೆದು, ಮೂರು ಹೋಮ್ ರನ್, ಎರಡು ಕಳವು ಸೇರಿಸಿ, ರಾತ್ರಿಗೆ 51-51 ಮಾಡಿ ಎದ್ದರು. ತಂಡ 20-4ರಲ್ಲಿ ಗೆದ್ದು ಪ್ಲೇಆಫ್‌ಗೂ ಹೋಯ್ತು.

"ಐವತ್ತನೆಯದನ್ನು ಪಿಚರ್ ಅಲ್ಲದವನ ಎದುರು ಹೊಡೆದ" ಅನ್ನೋದೂ ತಪ್ಪು. ಅದು ಒಂಬತ್ತು ಇನ್ನಿಂಗ್ಸ್‌ನ ಪಂದ್ಯದ ಏಳನೇ ಇನ್ನಿಂಗ್ಸ್, ಎದುರಿಗೆ ಮೈಕ್ ಬೌಮನ್, ಅಪ್ಪಟ ಪಿಚರ್. ಒಂಬತ್ತನೇ ಇನ್ನಿಂಗ್ಸ್‌ನ 51ನೆಯದು ಮಾತ್ರ ಫೀಲ್ಡರ್ ವಿಡಾಲ್ ಬ್ರುಹಾನ್ ಎಸೆದದ್ದು. ಸೋಲು ಖಚಿತ ಅನ್ನಿಸಿದಾಗ ಹೀಗೆ ಫೀಲ್ಡರ್‌ಗೆ ಚೆಂಡು ಕೊಡೋದು ಅಲ್ಲಿ ಮಾಮೂಲು. ಸೀಸನ್ ಮುಗಿದಾಗ ಒಹ್ತಾನಿ ಲೆಕ್ಕ 54-59.