ಬಾಲ್ ಹುಡುಕೋಕೆ ಪೋರ್ಚುಗಲ್ಲಿಗೆ

ವಾಷಿಂಗ್ ಮೆಷಿನ್ ಒಳಗಿಂದ ಟಕ್ ಟಕ್ ಅಂತ ಸದ್ದು ಬರ್ತಾ ಇತ್ತು, ಮೆಷಿನ್ ಕಥೆ ಮುಗೀತು ಅಂದ್ಕೊಂಡು ನಿಲ್ಲಿಸಿ ನೋಡಿದ್ರೆ ನಮ್ಮನೆಯವರ ಪ್ಯಾಂಟ್ ಜೇಬಲ್ಲಿ ಗಾಲ್ಫ್ ಬಾಲು. ಅದೂ ಇವರದ್ದಲ್ಲ, ಯಾರದ್ದೋ. ಹಾಲಿಡೇಯಿಂದ ಬಂದು ಇನ್ನೂ ಸೂಟ್‌ಕೇಸ್ ಪೂರ್ತಿ ಖಾಲಿ ಆಗಿಲ್ಲ. ಹಾಲಿಡೇ ಅಂತ ಇವರು ಹೇಳೋದು, ನಾನಲ್ಲ.

ಇಂಗ್ಲೆಂಡಲ್ಲಿ ಇರೋರಿಗೆ ಗೊತ್ತಿರುತ್ತೆ, ಚಳಿ ಮಳೆ ಹಿಡ್ಕೊಂಡ್ರೆ ಆಫೀಸಲ್ಲಿ ಒಬ್ಬೊಬ್ಬರೇ ಅಲ್ಗಾರ್ವ್ ಅಲ್ಗಾರ್ವ್ ಅಂತ ಕನವರಿಸೋಕೆ ಶುರು ಮಾಡ್ತಾರೆ. ಪೋರ್ಚುಗಲ್ಲಿನ ದಕ್ಷಿಣದ ತುದಿ, ಬಿಸಿಲು, ಸಮುದ್ರ, ಫಾರೋ ಏರ್‌ಪೋರ್ಟಿಗೆ ಲಂಡನ್ನಿಂದ ಹೆಚ್ಚುಕಮ್ಮಿ 3 ಗಂಟೆ, ಗಡಿಯಾರ ಕೂಡ ತಿರುಗಿಸ್ಬೇಕಾಗಿಲ್ಲ. ನಾನು ಕುಮಟಾದವಳು. ಇವರು ನನಗೆ ತೋರಿಸಿದ್ದು ಸಮುದ್ರದ ಫೋಟೋ, ಬುಕ್ ಮಾಡಿದ್ದು ಗಾಲ್ಫ್. ಗಾಲ್ಫ್ ಬ್ಯಾಗಿಗೆ ಫ್ಲೈಟಲ್ಲಿ ಬೇರೆ ದುಡ್ಡು ಕಟ್ಟಿದ್ರಲ್ಲ, ಅದನ್ನ ಸರಿದೂಗಿಸೋಕೆ ನಮ್ಮಿಬ್ಬರ ಬಟ್ಟೆಗೂ ಸೇರಿ ಒಂದೇ ಸೂಟ್‌ಕೇಸು. 14 ಕ್ಲಬ್ಬಿಗಿಂತ (ಬಾಲ್ ಹೊಡೆಯೋ ಕೋಲು) ಜಾಸ್ತಿ ಇಟ್ಕೊಳ್ಳೋಕೆ ರೂಲ್ಸ್ ಬಿಡಲ್ಲ ಅಂತ ಲೆಕ್ಕ ಹಾಕಿ 14 ತಗೊಂಡ್ರು, ನಾನು ಇನ್ನೊಂದು ಜೊತೆ ಚಪ್ಪಲಿ ಇಟ್ರೆ ಮಾತ್ರ “ಅಷ್ಟೆಲ್ಲಾ ಯಾಕೆ ಬೇಕೇ ಅಲ್ಲಿ?”

ಬೆಳಿಗ್ಗೆ ಬೆಳಕು ಹರಿಯೋ ಹೊತ್ತಿಗೆ ಟೀ ಟೈಮು. ಟೀ ಅಂದ್ರೆ ಕುಡಿಯೋದಲ್ಲ, ಆಟ ಶುರು ಮಾಡೋಕೆ ಬುಕ್ ಮಾಡಿರೋ ಹೊತ್ತು. ಕುಡಿಯೋ ಟೀ ಅಂತೂ ಸಿಗಲಿಲ್ಲ ಬಿಡಿ. ಮಧ್ಯಾಹ್ನ ಬಂದು ಊಟ ಮಾಡಿ ಗೊರಕೆ. ಸಾಯಂಕಾಲ ಎದ್ದು ಟಿವಿಯಲ್ಲಿ ಗಾಲ್ಫ್.

ಒಂದಿನ ನನ್ನನ್ನೂ ಬಗ್ಗಿಯಲ್ಲಿ (ಗಾಲ್ಫ್ ಆಡೋರು ಓಡಾಡೋ ಪುಟ್ಟ ಗಾಡಿ) ಕೂರಿಸ್ಕೊಂಡು ಹೋದ್ರು, ಪೋರ್ಟಿಮಾವ್ ಊರಿನ ಹತ್ರ ಪೆನಿನಾ ಅನ್ನೋ ಗಾಲ್ಫ್ ಮೈದಾನ. ದಾರಿ ಉದ್ದಕ್ಕೂ ಅದರ ಸ್ಥಳಪುರಾಣ. ಗಾಲ್ಫಿನ ಓಪನ್ ಚಾಂಪಿಯನ್‌ಶಿಪ್ ಮೂರು ಸಲ ಗೆದ್ದ ಹೆನ್ರಿ ಕಾಟನ್ ಅನ್ನೋ ಇಂಗ್ಲಿಷಿನವರು ಮಾಡಿದ ಕೋರ್ಸು, 1966ರಲ್ಲಿ ಶುರುವಾಗಿದ್ದು. ಅದಕ್ಕೂ ಮುಂಚೆ ಅಲ್ಲಿ ಇದ್ದಿದ್ದು ಭತ್ತದ ಗದ್ದೆ! ನೀರು ಹೀರ್ಕೊಳ್ಳಲಿ ಅಂತ ರಾಶಿ ರಾಶಿ ಮರ ನೆಡಿಸಿದ್ರಂತೆ, ನೀಲಗಿರಿನೂ ಸೇರಿ (ನೀಲಗಿರಿ ನೀರು ಹೀರೋ ವಿಷ್ಯ ಕೋಲಾರದ ಕಡೆಯವರಿಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ). ಕಾಟನ್ ಅವರ ಗಾಲ್ಫ್ ಬ್ಯಾಗ್ ಹೊರೋಕೆ ಪಸಿಫಿಕೊ ಅಂತ ಒಂದು ಕತ್ತೆ ಇತ್ತಂತೆ. ಇದನ್ನ ಹೇಳಿ ಇವರು ಯಾಕೋ ನನ್ನ ಮುಖ ನೋಡಿದ್ರು. ನಾನು ಬ್ಯಾಗನ್ನ ಅಲ್ಲೇ ಕೆಳಗಿಟ್ಟೆ.

ಈಗ ಬಾಲಿನ ವಿಷ್ಯ. ಗಾಲ್ಫಲ್ಲಿ ಯಾರ ಬಾಲು ಅಂತ ಗೊತ್ತಾಗ್ಲಿ ಅಂತ ಎಲ್ಲರೂ ಪೆನ್ನಲ್ಲಿ ಒಂದು ಗುರುತು ಹಾಕ್ತಾರೆ, ಚುಕ್ಕೆನೋ ಗೆರೆನೋ. ಇವರು ಕನ್ನಡದಲ್ಲಿ ‘ಶ್ರೀ’ ಬರೀತಾರೆ. ಬರೆದ ಬಾಲ್ ಹೊಡೆದ್ರು, ಅದು ನೇರ ನೀರಿನ ಕಾಲುವೆ ಕಡೆ. ಕಳೆದ ಬಾಲ್ ಹುಡುಕೋಕೆ ರೂಲ್ಸಲ್ಲಿರೋದು 3 ನಿಮಿಷ, 2019ಕ್ಕೆ ಮುಂಚೆ 5 ಇತ್ತು, ಆ 2 ನಿಮಿಷ ಕಮ್ಮಿ ಮಾಡಿದ್ದಕ್ಕೆ ಇವರಿಗೆ ಪಿತ್ರಾರ್ಜಿತ ಆಸ್ತಿ ಹೋದಷ್ಟು ಸಂಕಟ. ಉದ್ದದ ಕೋಲು ತೆಗೆದ್ರು, ಅದರ ತುದೀಲಿ ಒಂದು ಪುಟ್ಟ ಬಟ್ಟಲು ಇರುತ್ತೆ, ಬಾಲ್ ಎತ್ತೋಕೆ ಅಂತಾನೇ ದುಡ್ಡು ಕೊಟ್ಟು ತಗೊಂಡಿರೋದು. ಒಂದು ಬಾಲ್ ಬಂತು, ಇವರದ್ದಲ್ಲ. ಜೇಬಿಗೆ. ಇನ್ನೊಂದು ಬಂತು, ಅದೂ ಅಲ್ಲ. ಅದೂ ಜೇಬಿಗೆ. ರೀ, ಹಿಂದೆ ಜನ ಕಾಯ್ತಿದ್ದಾರೆ ಬನ್ನಿ ಅಂದ್ರೆ “ಇರೇ, ಇಲ್ಲೇ ಎಲ್ಲೋ ಇದೆ” ಅಂತ ಶೂ ಬಿಚ್ಚಿ ಒಂದು ಕಾಲು ಒಳಗೇ ಇಟ್ರು.

ಹಿಂದೆ ಇದ್ದಿದ್ದು ನಾಲ್ಕು ಜನ ಐರಿಷ್ ಅಜ್ಜಂದಿರು. ನೀವು ಮುಂದೆ ಹೋಗಿ ಅಂದ್ರೆ ಹೋಗೋದು ಬಿಟ್ಟು, ಪಾಪ, ಅವರೂ ಹುಡುಕೋಕೆ ಇಳಿದ್ರು. ಗುರುತು ಏನು ಅಂತ ಕೇಳಿದ್ರು. ಇವರು ನಿಧಾನಕ್ಕೆ ಸ್ಕೋರ್‌ಕಾರ್ಡ್ ಮೇಲೆ ‘ಶ್ರೀ’ ಬರೆದು ತೋರಿಸಿ, ಇದು ಲಕ್ಷ್ಮಿ, ಸಂಪತ್ತಿನ ದೇವತೆ, ಅಂಗಡಿ ಲೆಕ್ಕದ ಪುಸ್ತಕಕ್ಕೂ ಮೊದಲು ಇದನ್ನೇ ಹಾಕೋದು ಅಂತ ಪಾಠ ಶುರು ಮಾಡಿದ್ರು, ಮಂಡಿವರೆಗೂ ಕೆಸರು. ಒಬ್ಬರು ಆ ಸ್ಕೋರ್‌ಕಾರ್ಡ್ ಹಿಡ್ಕೊಂಡು ಹುಲ್ಲಲ್ಲಿ ಬಗ್ಗಿ, ಸಿಕ್ಕ ಸಿಕ್ಕ ಬಾಲಿಗೆಲ್ಲ ತಾಳೆ ನೋಡ್ತಿದ್ರು, ಪೊಲೀಸರು ಫಿಂಗರ್‌ಪ್ರಿಂಟ್ ನೋಡೋ ಗಂಭೀರದಲ್ಲಿ. ಶ್ರೀ ಸಿಗಲಿಲ್ಲ. ಕೊನೆಗೆ ಆ ಅಜ್ಜಂದಿರೇ ತಮ್ಮ ಕೈಗೆ ಸಿಕ್ಕಿದ್ದನ್ನೆಲ್ಲ ಇವರಿಗೆ ಕೊಟ್ಟು ಸಮಾಧಾನ ಹೇಳಿ ಹೋದ್ರು. ಆಮೇಲೆ ಉಳಿದ ಅಷ್ಟೂ ಹೋಲು ಇವರು ಆಡಿದ್ದು ಯಾರ್ಯಾರದ್ದೋ ಬಾಲಲ್ಲಿ.

ಬಗ್ಗಿಯಲ್ಲಿ ಕಾಲು ಒರೆಸ್ಕೊಳ್ತಾ ಇವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅಪ್ಪ ಎಷ್ಟು ಕರೆದ್ರೂ ನಾನು ಗದ್ದೆಗೆ ಇಳೀತಾ ಇರ್ಲಿಲ್ಲ ಕಣೇ, ಕೆಸರು ಅಂತ” ಅಂದ್ರು. ಮದ್ದೂರಿನ ಹತ್ರ ಆ ಗದ್ದೆ ಈಗ ಸೈಟಾಗಿದೆ, ಮಾವನೂ ಇಲ್ಲ. ನನಗೆ ಬೈಯೋಕೆ ಬಾಯಿ ಬರ್ಲಿಲ್ಲ, ಸಿಟ್ಟೂ ಪೂರ್ತಿ ಹೋಗ್ಲಿಲ್ಲ. ಆವತ್ತು ಸಾಯಂಕಾಲ ಮಾತ್ರ ಕೇಳದೇನೇ ಲಾಗೋಸ್ ಹತ್ರ ಮೆಯಾ ಪ್ರಾಯಾ ಬೀಚಿಗೆ ಕರ್ಕೊಂಡು ಹೋದ್ರು. ಅಟ್ಲಾಂಟಿಕ್ ನೀರು ಕಾಲಿಟ್ರೆ ಐಸು, ಆದ್ರೂ ಇಟ್ಟೆ. ಕೆಂಡದ ಮೇಲೆ ಸುಟ್ಟ ಸಾರ್ಡಿನ್ ತಿಂದ್ವಿ, ನಮ್ಮ ತಾರ್ಲೆ ಜಾತಿದೇ, ಖಾರ ಒಂದು ಇದ್ದಿದ್ರೆ ನಾನು ಅಲ್ಲೇ ಇದ್ದುಬಿಡ್ತಿದ್ದೆ.

ಊಟಕ್ಕೆ ಕಾಯ್ತಾ, ಇವರು ಕೋಲು ಹಿಡ್ಕೊಂಡು ಕಾಲುವೇಲಿ ನಿಂತಿದ್ದ ಫೋಟೋನ ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಅತ್ತೆ ತಕ್ಷಣ “ಮೀನ್ ಸಿಕ್ತಾ?” ಅಂತ ಕೇಳಿದ್ರು. ಮದ್ದೂರಿಂದ ಚಿಕ್ಕಮಾವನ ವಾಯ್ಸ್ ಮೆಸೇಜು ಬಂತು, “ಅಲ್ಲ ಕಣವ್ವ, ಅಷ್ಟೊಂದ್ ನೀರ್ ಮಡೀಕಂಡು ಬರೀ ಹುಲ್ ಬೆಳ್ದವ್ರಲ್ಲಾ, ಎಷ್ಟ್ ದನ ಕಟ್ಟವ್ರೆ?”

ಇವರು ಗ್ರೂಪನ್ನ ಮ್ಯೂಟ್ ಮಾಡಿ ಇನ್ನೊಂದು ಪ್ಲೇಟ್ ಸಾರ್ಡಿನ್ ಆರ್ಡರ್ ಮಾಡಿದ್ರು.